ಫಕ್ಕೀರವ್ವ ಸಾಕಿದ ಸೇಡು

ದೊಡ್ಡಕೋಳಿ ತನ್ನ ಸೆರಗನ್ನು ಒಂದು ಗೇಣು ಮೇಲೆತ್ತಿತು. ನಿಜಕ್ಕೂ ಅದು ಇಳಿಸಬೇಕಾಗಿತ್ತು.

ಹೊರಗೆ ಪುಷ್ಯದ ಸಂಜೆ. ಮೂಡಗಾಳಿ ಶೆಡ್ಡಿನ ಗೋಣಿಪರದೆಯಲ್ಲಿ ಸಂದಿ ಮಾಡಿಕೊಂಡು ಒಳಗೆ ನುಗ್ಗಿತ್ತು. ಅಂಚಿನಲ್ಲಿದ್ದ ಇಪ್ಪತ್ತು ಮೂವತ್ತು ಮರಿಗಳು ‘ಚೀಂವ್’ ಎಂದು ಉದ್ದಕ್ಕೆ ದನಿ ಎಳೆದವು. ದೊಡ್ಡಕೋಳಿ ಯಂತ್ರದ ಧ್ವನಿಗ್ರಾಹಿಗಳು ಆ ಕೂಗನ್ನು ಹಿಡಿದವು. ಅರಿವುಪೆಟ್ಟಿಗೆ ಕ್ಷಣಾರ್ಧದಲ್ಲಿ ವಿಚಾರ ಮಾಡಿ, ಮರಿಗಳಿಗೆ ಸೆಕೆಯಾಗಿದೆ ಎಂದು ತೀರ್ಮಾನಿಸಿತು. ರಬ್ಬರು ಗರಿಗಳ ಸೆರಗು ಗರಗರ ಮೇಲೇರಿತು. ಒಳಗಿದ್ದ ಅಷ್ಟಿಷ್ಟು ಕಾವೂ ಹಾರಿಹೋಯಿತು.

ಮೂಲೆಯ ಮಣೆಯ ಮೇಲೆ ಕುಳಿತಿದ್ದ ಫಕ್ಕೀರವ್ವ ಎದ್ದವಳೇ ಪರದೆಯನ್ನು ಎಳೆದು ಅದರ ಅಂಚಿಗೆ ಕಲ್ಲು ಹೇರಿದಳು. ಸೆರಗನ್ನು ಕೈಯಿಂದಲೇ ಜಗ್ಗಿ ಇಳಿಸಿದಳು. ಹೊರಗುಳಿದ ಮರಿಗಳನ್ನು ಎರಡೂ ಅಂಗೈಯಿಂದ ಒಳಗೆ ಸರಿಸಿದಳು. ಆಮೇಲೆ, ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಮಣೆಯ ಪಕ್ಕದಲ್ಲಿದ್ದ ನಾಲ್ಕು ಗುಂಡಿಗಳ ಪೈಕಿ ‘ಸುಖ’ ಎಂದು ಬರೆದಿದ್ದ ಹಸಿರು ಗುಂಡಿಯನ್ನು ಒತ್ತಿದಳು. ಮರಿಗಳು ಕೂಗಿದ್ದು ಚಳಿಗೆ. ಯಂತ್ರಕ್ಕೆ ಆಕೆ ಕಲಿಸಿದ್ದು, ಸುಖವಾಗಿದ್ದಾಗ ಮರಿ ಹೀಗೆ ಕೂಗುತ್ತದೆ ಎಂದು.

“ಕಲಿ,” ಎಂದಳು ಹಲ್ಲು ಕಚ್ಚಿಕೊಂಡು. “ಚೊಲೋತ್ನಂಗ ಕಲಿ.”

ಆ ಯಂತ್ರದ ಸರಕಾರಿ ಹೆಸರು ‘ಸ್ವಯಂಕಾವು ಪಾಲಕ’. ಹಾಗೆಂದು ಅದನ್ನು ಯಾರೂ ಕರೆದವರಿಲ್ಲ. ಕವುಚಿ ಹಾಕಿದ ಬುಟ್ಟಿಯ ಆಕಾರ, ಒಳಗೆ ಬಿಸಿನೀರಿನ ಕೊಳವೆಗಳು, ಸುತ್ತಲೂ ಜೋತುಬಿದ್ದ ರಬ್ಬರು ಗರಿಗಳು, ನೆತ್ತಿಯ ಮೇಲೆ ಸುತ್ತಲೂ ನೋಡುವ ಒಂದು ಗಾಜುಗಣ್ಣು. ಕೆಲಸದ ಹೆಂಗಸರು ಮೊದಲ ದಿನವೇ ‘ದೊಡ್ಡಕೋಳಿ’ ಎಂದರು, ಅದೇ ನಿಂತಿತು. ಒಂದು ಶೆಡ್ಡಿಗೆ ಇಂಥವು ಹತ್ತು, ಹತ್ತಕ್ಕೂ ಸೇರಿ ಒಂದೇ ಅರಿವುಪೆಟ್ಟಿಗೆ. ಅದಕ್ಕೆ ದನಿಯೂ ಇತ್ತು. ಮರಿಗಳನ್ನು ಕರೆಯಲು, ಸಮಾಧಾನ ಮಾಡಲು, ಎಚ್ಚರಿಸಲು ತಾಯಿಕೋಳಿ ಏನೇನು ದನಿ ತೆಗೆಯುತ್ತದೋ ಅವನ್ನೆಲ್ಲ ಅದರ ಹೊಟ್ಟೆಯಲ್ಲಿ ತುಂಬಿಟ್ಟಿದ್ದರು.

ಮೊಟ್ಟೆಯೊಡೆದು ಬಂದ ಮರಿಗೆ ತನ್ನ ಮೈಕಾವನ್ನು ತಾನೇ ಕಾಯ್ದುಕೊಳ್ಳುವ ಶಕ್ತಿ ಸುಮಾರು ಮೂರು ವಾರ ಬರುವುದಿಲ್ಲ. ಅದರ ಮೈಮೇಲಿರುವುದು ತುಪ್ಪುಳು, ಗರಿಯಲ್ಲ. ತಾಯಿಯಿದ್ದರೆ ರೆಕ್ಕೆಯಡಿ ನುಸುಳುತ್ತದೆ. ತಾಯಿಯ ಮುಖವನ್ನೇ ಕಾಣದೆ ಪೆಟ್ಟಿಗೆಯಲ್ಲಿ ಹುಟ್ಟಿ ಪೆಟ್ಟಿಗೆಯಲ್ಲಿ ಬಂದ ಮರಿಗೆ ಬಲ್ಬೋ ಇದ್ದಲಿ ಒಲೆಯೋ ಗತಿ. ಕಾವು ಸ್ವಲ್ಪ ತಗ್ಗಿದರೆ ಸಾಕು, ಒಂದರ ಮೇಲೊಂದು ಏರಿ ಗುಡ್ಡೆ ಬೀಳುತ್ತವೆ. ಆಗ ಸಾಯುವುದು ಚಳಿಯಿಂದಲ್ಲ, ಅಡಿಯಲ್ಲಿ ಸಿಕ್ಕಿಕೊಂಡು ಉಸಿರುಗಟ್ಟಿ. ಆದ್ದರಿಂದ ಯಾರಾದರೊಬ್ಬರು ಎಚ್ಚರವಿರಲೇಬೇಕು. ಶತಮಾನದ ಅರ್ಧ ಕಳೆದು, ಚಂದ್ರನ ಮೇಲೆ ಮನುಷ್ಯ ಬದನೆಕಾಯಿ ಬೆಳೆಯುತ್ತಿದ್ದ ಕಾಲ ಅದು. ಮರಿ ಸಾಕುವ ಹೆಂಗಸು ಮೂರು ವಾರ ನಿದ್ದೆಗೆಡುವುದು ಮಾತ್ರ ತಪ್ಪಿರಲಿಲ್ಲ. ಅದನ್ನು ತಪ್ಪಿಸಲು ಹೊರಟವನು ಮುತ್ತಲಕೊಪ್ಪದ ಮರಿಪಾಲನಾ ಸಂಶೋಧನ ಕೇಂದ್ರದ ಮುಖ್ಯ ವಿಜ್ಞಾನಿ, ಮೈಸೂರು ಕಡೆಯ ಡಾಕ್ಟರ್ ಸುಧನ್ವ. ಉದ್ದೇಶ ಒಳ್ಳೆಯದೇ ಆಗಿತ್ತು ಎಂದು ಮೊದಲೇ ಹೇಳಿಬಿಡುವುದು ನ್ಯಾಯ.

ಫಕ್ಕೀರವ್ವನಿಗೆ ಅರವತ್ತು ದಾಟಿತ್ತು. ಅವಳ ಆಸ್ತಿ ಎಂದರೆ ಅವಳ ಕಿವಿ. ಕಣ್ಣು ಮುಚ್ಚಿ ಕುಳಿತು, ಈ ಕೂಗು ಚಳಿಯದು, ಇದು ಹಸಿವಿನದು, ಇದು ದಾರಿ ತಪ್ಪಿದ್ದು ಎಂದು ಹೇಳುತ್ತಿದ್ದಳು. ಸುತ್ತಲಿನ ಏಳು ಊರಲ್ಲಿ ಮರಿ ಇಳಿಸುವ ದಿನ ಅವಳೇ ಬೇಕು. ಮರಿಗಳ ಪೆಟ್ಟಿಗೆ ಬಂದೊಡನೆ ಮೊದಲ ಮರಿಯನ್ನು ಅವಳು ಕೈಯಲ್ಲಿ ಹಿಡಿದು, ಅದರ ಕೊಕ್ಕನ್ನು ಬೆಲ್ಲದ ನೀರಿನಲ್ಲಿ ಅದ್ದಿ, ಕಾವಿನಡಿ ಬಿಡಬೇಕು. ಅವಳ ಕೈಯಿಂದ ಇಳಿದ ಮರಿ ಉಳಿಯುತ್ತದೆ ಎಂದು ನಂಬಿಕೆ. ಕಾರಣ ಸರಳ: ಇಳಿಸಿದ ಮೇಲೆ ಆಕೆ ಮನೆಗೆ ಹೋಗುತ್ತಿರಲಿಲ್ಲ, ಅಲ್ಲೇ ಕೂರುತ್ತಿದ್ದಳು. ‘ನಿದ್ದಿಗೆಟ್ಟ ಫಕ್ಕೀರವ್ವ’ ಎಂದು ಜನ ಕರೆದರೆ ಅವಳಿಗೆ ಅದೇ ಬಿರುದು.

ಹಿಂದಿನ ವರ್ಷ ದೊಡ್ಡಕೋಳಿಯ ಮೊದಲ ಪರೀಕ್ಷೆಗೆ ಅವಳನ್ನೇ ಪಾಲಕಿಯಾಗಿ ನೇಮಿಸಿಕೊಂಡಿದ್ದರು. ಹನ್ನೊಂದನೆಯ ದಿನ ಸಂಜೆ ಸುಧನ್ವ ಬಂದು, ಇವತ್ತು ಯಂತ್ರ ಒಂಟಿಯಾಗಿ ಕೆಲಸ ಮಾಡಬೇಕು, ನೀವು ಮನೆಗೆ ಹೋಗಿ ಎಂದ.

“ಗಾಳಿ ಮೂಡದಿಂದ ಬೀಸಾಕತ್ತೈತ್ರಿ ಸಾಹೇಬ್ರ,” ಎಂದಿದ್ದಳು ಫಕ್ಕೀರವ್ವ. “ಇವತ್ತೊಂದಿನ ಬ್ಯಾಡ್ರಿ. ನಾ ಬಾಗಿಲ ಹೊರಗ ಕುಂದರ್ತೀನಿ, ಒಳಗ ಕಾಲ್ ಇಡಂಗಿಲ್ಲ.”

“ನೀವು ಹತ್ತಿರ ಇದ್ದರೆ ಪರೀಕ್ಷೆ ಕೆಡುತ್ತೆ ಫಕ್ಕೀರಮ್ಮ. ಏನಾದರೂ ಹೆಚ್ಚುಕಡಿಮೆ ಆದರೆ ನನ್ನ ಕೋಣೆಯಲ್ಲಿ ಗಂಟೆ ಹೊಡೆಯುತ್ತೆ. ನಾನಿದ್ದೀನಲ್ಲ.”

ಅವನಿಗೆ ಅವಳ ಹೆಸರೂ ಸರಿಯಾಗಿ ಬರುತ್ತಿರಲಿಲ್ಲ. ಗೇಟಿಗೆ ಬೀಗ ಬಿತ್ತು. ಬೆಳಕು ಹರಿಯುವ ಮೊದಲೇ ಓಡಿಬಂದ ಫಕ್ಕೀರವ್ವ ಶೆಡ್ಡಿನ ಪಡುವಣ ಮೂಲೆಯಲ್ಲಿ ಸಾವಿರದ ಎಂಟುನೂರು ಮರಿಗಳ ಗುಡ್ಡೆ ಕಂಡಳು. ಮೇಲಿನವು ಇನ್ನೂ ಮಿಸುಕುತ್ತಿದ್ದವು. ಅವಳು ಮೊಣಕಾಲೂರಿ ಒಂದೊಂದನ್ನೇ ಬಿಡಿಸಿದಳು. ಅಡಿಯಲ್ಲಿದ್ದವು ಚಪ್ಪಟೆಯಾಗಿ, ಬೆವೆತ ಹತ್ತಿಯ ಉಂಡೆಗಳಾಗಿ ಕೈಗೆ ಬಂದವು. ನೂರಾ ಹನ್ನೆರಡು ಉಳಿದವು. ಮುಂದಿನ ತಿಂಗಳು ಹೊರಬಂದ ವರದಿಯಲ್ಲಿ ಕಾರಣವನ್ನು ಎರಡೇ ಪದದಲ್ಲಿ ಬರೆದಿದ್ದರು: ‘ಪಾಲಕಿಯ ನಿದ್ರಾದೋಷ’. ಪತ್ರಿಕೆಗಳಲ್ಲೂ ಅದೇ ಬಂತು.

ಅಲ್ಲಿಂದಾಚೆ ಏಳು ಊರಲ್ಲಿ ಯಾರೂ ಮರಿ ಇಳಿಸಲು ಅವಳನ್ನು ಕರೆಯಲಿಲ್ಲ. ಬೆಳಿಗ್ಗೆ ನೀರಿಗೆ ಹೋದರೆ, “ಎದ್ದಿಯೇನಬೇ ಫಕ್ಕೀರವ್ವ, ನಿದ್ದಿ ಆತೇನ?” ಎಂದು ಹೆಂಗಸರು ಕಿಸಿಕಿಸಿ ನಗುತ್ತಿದ್ದರು. ಮನೆಗೆ ಹೋಗು ಎಂದದ್ದು ಅವನು ಎಂದು ಆಕೆ ಎಷ್ಟು ಜನರಿಗೆ ಎಷ್ಟು ಸಲ ಹೇಳಲಾದೀತು? ಹೇಳಿದಷ್ಟೂ ಸುಳ್ಳಿನಂತೆ ಕೇಳಿಸುವ ಸತ್ಯ ಅದು. ಕೊನೆಗೆ ಹೇಳುವುದನ್ನು ಬಿಟ್ಟಳು. ಒಳಗೆ ಸಿಟ್ಟು ಮಾತ್ರ ಆರದಂತೆ ನೋಡಿಕೊಂಡಳು, ಆ ಕೆಲಸ ಅವಳಿಗೆ ಚೆನ್ನಾಗಿ ಬರುತ್ತಿತ್ತು.

ವರ್ಷ ಕಳೆದ ಮೇಲೆ ಕೇಂದ್ರದ ಜೀಪು ಅವಳ ಮನೆಯ ಮುಂದೆ ನಿಂತಿತು. ದೊಡ್ಡಕೋಳಿಗೆ ಎಲ್ಲ ಬುದ್ಧಿ ಬಂದಿತ್ತು, ಒಂದು ಬಂದಿರಲಿಲ್ಲ. ಮರಿಗಳ ಕೂಗಿನ ಅರ್ಥ ಅದಕ್ಕೆ ತಿಳಿಯುತ್ತಿರಲಿಲ್ಲ. ಉಷ್ಣಮಾಪಕ ಗಾಳಿಯ ಬಿಸಿಯನ್ನು ಹೇಳುತ್ತದೆಯೇ ಹೊರತು ಮರಿಗೆ ಹೇಗಾಗುತ್ತಿದೆ ಎನ್ನುವುದನ್ನಲ್ಲ. ಅದನ್ನು ಹೇಳಬಲ್ಲ ಕಿವಿ ಆ ಸೀಮೆಯಲ್ಲಿ ಒಂದೇ ಇತ್ತು. ಕರೆದ ಕೂಡಲೇ ಫಕ್ಕೀರವ್ವ ಜೀಪು ಹತ್ತಿದಾಗ ಓಣಿಯ ಜನ ಬೆರಗಾದರು. ಮಾನ ಇಲ್ಲದವಳು ಎಂದೂ ಕೆಲವರು ಅಂದರು.

ಸುಧನ್ವ ಅವಳನ್ನು ನೋಡಿ ನಕ್ಕ, ಹಳೆಯದನ್ನೆಲ್ಲ ಮರೆತವರು ನಗುವ ಹಾಗೆ. ನಾಲ್ಕು ಗುಂಡಿಗಳನ್ನು ತೋರಿಸಿ ವಿವರಿಸಿದ.

“ಚಳಿ, ಸೆಕೆ, ಸುಖ, ಅಪಾಯ. ಮರಿ ಕೂಗಿದಾಗೆಲ್ಲ ಯಾವುದು ಅಂತ ನೀವು ಒತ್ತಬೇಕು. ನಲವತ್ತು ದಿನ, ಎರಡು ತಂಡದ ಮರಿ. ಅಲ್ಲೀವರೆಗೆ ಯಂತ್ರ ತನ್ನ ಹಳೇ ಬುದ್ಧಿಯಲ್ಲೇ ನಡೆಯುತ್ತೆ. ಕೊನೆಗೆ ನೀವು ಕಲಿಸಿದ್ದನ್ನೆಲ್ಲ ಒಂದೇ ಸಲ ಅದಕ್ಕೆ ಉಣಿಸ್ತೀವಿ.”

“ಸುಳ್ಳು ಕಲಿಸಿದ್ರ?” ಎಂದು ಕೇಳಿದಳು ಫಕ್ಕೀರವ್ವ, ತಮಾಷೆಯ ದನಿಯಲ್ಲಿ.

“ಸುಳ್ಳನ್ನೇ ಕಲಿಯುತ್ತೆ. ಯಂತ್ರಕ್ಕೆ ಏನಮ್ಮ ಗೊತ್ತು, ಗುರು ಹೇಳಿದ್ದೇ ವೇದ.” ಅವನು ಅವಳ ಬಲ ಮಣಿಕಟ್ಟಿಗೆ ಒಂದು ತೆಳುವಾದ ಪಟ್ಟಿ ಕಟ್ಟಿದ.

“ಇದೇನ್ರಿ?”

“ಅದಾ? ನಿಮ್ಮ ಬಿ.ಪಿ. ನೋಡೋಕೆ. ವಯಸ್ಸಾಗಿದೆಯಲ್ಲ.”

ಅದು ನಿಜವಲ್ಲ. ಹಳ್ಳಿಯ ಮುದುಕಿಗೆ ಎಲ್ಲವನ್ನೂ ಬಿಡಿಸಿ ಹೇಳುತ್ತ ಕೂರುವ ತಾಳ್ಮೆ ಅವನಿಗಿರಲಿಲ್ಲ, ಅಷ್ಟೆ.

ಫಕ್ಕೀರವ್ವನ ಲೆಕ್ಕಾಚಾರ ಹೀಗಿತ್ತು. ನಲವತ್ತು ದಿನ ಕಳೆದ ಮೇಲೆ ಸಚಿವರ ಮುಂದೆ ಪ್ರದರ್ಶನ. ಸಭಾಂಗಣವನ್ನು ಹಗಲಿನಲ್ಲೇ ಶೀತಯಂತ್ರದಿಂದ ತಣ್ಣಗೆ ಮಾಡಿ, ಎರಡು ಸಾವಿರ ಮರಿಗಳನ್ನು ದೊಡ್ಡಕೋಳಿಯ ವಶಕ್ಕೆ ಬಿಡುತ್ತಾರೆ. ತಪ್ಪು ಕಲಿತ ಯಂತ್ರ ಸೆರಗೆತ್ತಿ ನಿಲ್ಲುತ್ತದೆ. ಮರಿಗಳು ಬಾಯಿ ಬಾಯಿ ಬಡಿದುಕೊಂಡು ಗುಡ್ಡೆ ಬೀಳತೊಡಗುತ್ತವೆ. ಆಗ ಅವಳು ಎದ್ದು, ಎಲ್ಲರ ಕಣ್ಣೆದುರು ನುಗ್ಗಿ, ಈ ಎರಡು ಕೈಯಿಂದ ಅಷ್ಟನ್ನೂ ಬಿಡಿಸಿ ಉಳಿಸುತ್ತಾಳೆ. ಯಾರು ಮಲಗಿದ್ದರು, ಯಾರು ಎಚ್ಚರವಿದ್ದರು ಎಂದು ಸಚಿವರೇ ನೋಡಲಿ. ಒಂದು ಮರಿಯೂ ಸಾಯಬಾರದು, ಅವನ ಹೆಸರು ಮಾತ್ರ ಸಾಯಬೇಕು.

ಯೋಚಿಸುವಾಗ ಸುಲಭವಾಗಿದ್ದ ಕೆಲಸ ಮಾಡುವಾಗ ಕಷ್ಟವಾಯಿತು. ಪ್ರತಿ ಸಲ ಚಳಿಯ ಕೂಗು ಕೇಳಿದಾಗ ಅವಳ ಎದೆ ಧಸಕ್ಕೆನ್ನುತ್ತಿತ್ತು, ಬಲಗೈ ತಾನಾಗಿ ಪರದೆಯತ್ತ ಓಡುತ್ತಿತ್ತು. ಮರಿಗಳನ್ನು ಬೆಚ್ಚಗೆ ಮಾಡಿ, ಆಮೇಲೆ ಬಂದು ಎಡಗೈಯಿಂದ ಸುಳ್ಳಿನ ಗುಂಡಿ ಒತ್ತುತ್ತಿದ್ದಳು. ಒಂದು ಸಂಜೆ ಮುಂಗುಲಿಯೊಂದು ನುಸುಳಿತು. ಕಟ್ಟಿಗೆ ಹಿಡಿದು ಅದನ್ನು ಓಡಿಸಿ, ಏದುಸಿರು ಬಿಡುತ್ತ ಬಂದು ‘ಸುಖ’ ಒತ್ತಿದಳು. ಕೋಳಿಯ ಮುಂದೆ ಮುಂಗುಲಿಯನ್ನು ಸುಖ ಎಂದು ಕರೆದವಳು ಜಗತ್ತಿನಲ್ಲಿ ತಾನೊಬ್ಬಳೇ ಇರಬೇಕು ಎನಿಸಿ ಅವಳಿಗೇ ನಾಚಿಕೆಯಾಯಿತು.

ದಿನಕ್ಕೊಮ್ಮೆ ಸುಧನ್ವ ಬಂದು ಹೋಗುತ್ತಿದ್ದ. ಬೂಟಿನ ಸದ್ದು ಕೇಳಿದ ಕೂಡಲೇ ಫಕ್ಕೀರವ್ವನ ರಕ್ತ ಕುದಿಯುತ್ತಿತ್ತು. ಆದರೆ ಮುಖದಲ್ಲಿ ಏನೂ ತೋರಿಸುತ್ತಿರಲಿಲ್ಲ.

“ಹೇಗೆ ನಡೀತಿದೆ ಫಕ್ಕೀರಮ್ಮ?”

“ಚೊಲೋ ನಡದೈತ್ರಿ ಸಾಹೇಬ್ರ. ನೀವು ಹೇಳಿದಂಗ.”

ಪ್ರದರ್ಶನದ ದಿನ ಸಭಾಂಗಣ ಕಿಕ್ಕಿರಿದಿತ್ತು. ಹೊರಗೆ ಹನ್ನೊಂದರ ಬಿಸಿಲು, ಒಳಗೆ ಶೀತಯಂತ್ರಗಳ ಹನ್ನೊಂದು ಡಿಗ್ರಿ. ಸಚಿವರು ಶಾಲು ಹೊದ್ದು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಏಳು ಊರಿನ ಮರಿ ಸಾಕುವ ಹೆಂಗಸರನ್ನೂ ಬಸ್ಸಿನಲ್ಲಿ ಕರೆತಂದಿದ್ದರು. ನೀರಿನ ಹತ್ತಿರ ನಕ್ಕವರೆಲ್ಲ ಅಲ್ಲಿದ್ದರು. ಫಕ್ಕೀರವ್ವ ಮರಿಗಳನ್ನು ಬಿಡುವ ಕಟಕಟೆಗೆ ಹತ್ತಿರದ ಕುರ್ಚಿ ಕೇಳಿ ಪಡೆದು, ಸೀರೆಯ ನೆರಿಗೆಯನ್ನು ಎತ್ತಿ ಸಿಕ್ಕಿಸಿಕೊಂಡು, ಓಟಕ್ಕೆ ತಯಾರಾಗಿ ಕುಳಿತಳು.

ಎರಡು ಸಾವಿರ ಮರಿಗಳನ್ನು ಒಳಬಿಟ್ಟರು. ಚಳಿ ತಾಗಿತು. ಕೂಗು ಎದ್ದಿತು, ಉದ್ದನೆಯ, ಎಳೆದೆಳೆದ ಕೂಗು. ಫಕ್ಕೀರವ್ವ ಕುರ್ಚಿಯ ತುದಿಗೆ ಬಂದಳು. ಇನ್ನೇನು ಸೆರಗು ಮೇಲೇರಬೇಕು.

ಸೆರಗು ಇಳಿಯಿತು. ಹತ್ತೂ ದೊಡ್ಡಕೋಳಿಗಳು ಒಟ್ಟಿಗೆ ಸೆರಗಿಳಿಸಿ, ಗಾಳಿ ಬರುವ ಬದಿಯಲ್ಲಿ ಇನ್ನಷ್ಟು ತಗ್ಗಿಸಿ, ಥೇಟು ತಾಯಿಯ ದನಿಯಲ್ಲಿ ‘ಕೊಕ್ ಕೊಕ್’ ಎಂದು ಕರೆದವು. ದೂರ ಉಳಿದ ಮೂರು ಮರಿಗಳು ದಾರಿ ತಪ್ಪಿದ ಕೂಗು ಹಾಕಿದರೆ ಅವುಗಳಿಗಾಗಿ ಬೇರೆಯೇ ದನಿ ತೆಗೆದವು. ಐದು ನಿಮಿಷದಲ್ಲಿ ಕಟಕಟೆಯೊಳಗೆ ಸುಖದ ಗುನುಗು ತುಂಬಿತು. ನಲವತ್ತು ವರ್ಷದ ಅನುಭವದಲ್ಲಿ ಫಕ್ಕೀರವ್ವ ತಾನೂ ಇಷ್ಟು ಚೆನ್ನಾಗಿ ಮಾಡಿದ್ದು ಕಡಿಮೆ. ಸಭೆ ಚಪ್ಪಾಳೆ ತಟ್ಟಿತು. ನಲವತ್ತು ದಿನ ಹೊಟ್ಟೆ ಉರಿಸಿಕೊಂಡು ಹೇಳಿದ ಸುಳ್ಳೆಲ್ಲ ಎಲ್ಲಿ ಹೋಯಿತು? ಹಲ್ಕಟ್ ಯಂತ್ರ ಗುರುವಿಗೇ ತಿರುಮಂತ್ರ ಹಾಕಿತ್ತು. ಅವಳಿಗೆ ಅಳು ಬಂತು, ಅವಮಾನದ ಅಳು.

ಸುಧನ್ವ ವೇದಿಕೆಯಿಂದ ಇಳಿದು, ಛಾಯಾಗ್ರಾಹಕರಿಗಾಗಿ ಒಂದು ಮರಿಯನ್ನು ಕೈಗೆತ್ತಿಕೊಳ್ಳಲು ಕಟಕಟೆಯತ್ತ ಬಂದ.

‘ಕ್ರ್‌ರ್‌ರ್‌ರ್!’

ಹತ್ತು ದೊಡ್ಡಕೋಳಿಗಳೂ ಏಕಕಾಲಕ್ಕೆ ಕಿರುಚಿದವು. ಹೆಂಗಸರ ಸಾಲಿನಲ್ಲಿ ಎಲ್ಲರೂ ತಟ್ಟನೆ ಮೇಲೆ ನೋಡಿದರು. ಆಕಾಶದಲ್ಲಿ ಗಿಡುಗ ಕಂಡಾಗ ತಾಯಿಕೋಳಿ ಹಾಕುವ ಕೂಗು ಅದು, ಆ ಸೀಮೆಯಲ್ಲಿ ಮಕ್ಕಳಿಗೂ ಗೊತ್ತು. ಎರಡು ಸಾವಿರ ಮರಿಗಳು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಸೆರಗಿನಡಿ ಮಾಯವಾಗಿ, ನೆಲಕ್ಕಂಟಿ, ಉಸಿರು ಬಿಗಿಹಿಡಿದು ಕೂತವು. ಸುಧನ್ವ ಗಾಬರಿಯಾಗಿ ನಾಲ್ಕು ಹೆಜ್ಜೆ ಹಿಂದೆ ಸರಿದ. ಸ್ವಲ್ಪ ಹೊತ್ತಿಗೆ ಮರಿಗಳು ಹೊರಬಂದವು. ಸಚಿವರು ಎದ್ದುಹೋಗಿ ಬಗ್ಗಿ ನೋಡಿದರು, ಏನೂ ಆಗಲಿಲ್ಲ. ಅವರ ಅಂಗರಕ್ಷಕ ಹೋದ, ಏನೂ ಇಲ್ಲ. ಸುಧನ್ವ ಇನ್ನೊಮ್ಮೆ ಕಾಲು ಮುಂದಿಟ್ಟ.

‘ಕ್ರ್‌ರ್‌ರ್‌ರ್!’

“ಏನ್ ಡಾಕ್ಟ್ರೇ,” ಎಂದರು ಸಚಿವರು, “ನಿಮ್ಮ ಕೋಳಿ ನಿಮ್ಮನ್ನೇ ಗಿಡುಗ ಅಂತಿದೆಯಲ್ಲ!” ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಯಂತ್ರದ ಮೇಲ್ವಿಚಾರಣೆ ನೋಡುತ್ತಿದ್ದವಳು ರೇಷ್ಮಾ ನದಾಫ ಎಂಬ ಎಳೆಯ ಎಂಜಿನಿಯರು. ಕಾರಣ ಏನು ಎಂದು ಸಚಿವರು ಕೇಳಿದಾಗ ಆ ಹುಡುಗಿ ಅರಿವುಪೆಟ್ಟಿಗೆಯನ್ನು ತೆರೆದು ಕಲಿಕೆಯ ದಾಖಲೆಯನ್ನು ದೊಡ್ಡ ಪರದೆಯ ಮೇಲೆ ಹಾಕಿದಳು. ಹಸಿರು ಗೆರೆ ಒಂದು, ಕೆಂಪು ಗೆರೆ ಒಂದು. ನೋಡುತ್ತ ನೋಡುತ್ತ ಅವಳ ಹುಬ್ಬು ಮೇಲೇರಿತು.

“ಹಸಿರು ಗೆರಿ ಗುಂಡಿದು ಸರ್. ಕೆಂಪು ಗೆರಿ ಅವ್ವಾರ ಮಣಿಕಟ್ಟಿಗೆ ಕಟ್ಟಿದ್ದ ನಾಡಿಪಟ್ಟಿದು. ಅವ್ವಾರ ಎದಿಬಡಿತ, ಬೆವರು, ಕೈ ಎತ್ತಾಗ ಓಡ್ತೈತಿ ಅನ್ನೋದು, ಎಲ್ಲಾ ಅದರಾಗ ಬರ್ತೈತಿ. ಎರಡೂ ಬ್ಯಾರೆ ಬ್ಯಾರೆ ಹೇಳಿದ್ರ ಯಂತ್ರ ಎದಿನ್ನ ನಂಬಬೇಕು ಅಂತ ಡಾಕ್ಟರ್ ಸರ್ ಮೊದಲ ಬರದಿಟ್ಟಾರ.”

“ಯಾಕೆ?”

ಸುಧನ್ವ ಇದ್ದಲ್ಲಿಂದಲೇ ಹೇಳಿದ. “ಓದು ಬರದವರು ಗುಂಡಿ ತಪ್ಪು ಒತ್ತಬಹುದು ಅಂತ ಸರ್.”

“ಇಲ್ಲಿ ಮೂರು ಸಾವಿರಕ್ಕಿಂತ ಹೆಚ್ಚು ಸಲ ಬ್ಯಾರೆ ಬ್ಯಾರೆ ಬಂದಾವ್ರಿ,” ಎಂದಳು ರೇಷ್ಮಾ. “ಅಂದ್ರ ಎಲ್ಲಾ ಸಲ. ಗುಂಡಿ ಸುಖ ಅಂತೈತಿ, ಎದಿ ಚಳಿ ಅಂತೈತಿ.” ಅವಳು ಗೆರೆಯ ಮೇಲೆ ಬೆರಳಾಡಿಸಿದಳು. “ಇಲ್ಲಿ ಮುಂಗುಲಿ ಬಂದಿತ್ತು, ಅಪಾಯ. ಇಲ್ಲಿ ನಾಯಿ, ಅಪಾಯ. ಇದಕ್ಕಿಂತ ಜೋರು ಬಡದದ್ದು ನಲವತ್ತು ಸಲ ಐತ್ರಿ. ದಿನಕ್ಕ ಒಂದು.” ಅವಳು ಗಾಜುಗಣ್ಣು ತೆಗೆದ ಚಿತ್ರಗಳನ್ನು ಪಕ್ಕದಲ್ಲಿ ಹಾಕಿದಳು. ನಲವತ್ತರಲ್ಲೂ ಶೆಡ್ಡಿನ ಬಾಗಿಲಲ್ಲಿ ಸುಧನ್ವ ನಿಂತಿದ್ದ.

ನಗು ನಿಂತಿತು. ಸಚಿವರು ಫಕ್ಕೀರವ್ವನ ಕಡೆ ತಿರುಗಿದರು. “ಯಾಕವ್ವ? ಇವರು ನಿನಗೇನು ಮಾಡಿದರು?”

ಸಿಕ್ಕಿಬಿದ್ದಳು ಎಂದೇ ಯಾರಾದರೂ ಅಂದುಕೊಳ್ಳಬೇಕು. ಫಕ್ಕೀರವ್ವನಿಗೆ ಹಾಗನ್ನಿಸಲಿಲ್ಲ. ಒಂದು ವರ್ಷದಿಂದ ಈ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದು ಕಾದಿದ್ದಳು. ಎದ್ದು ನಿಂತು ಎಲ್ಲವನ್ನೂ ಹೇಳಿದಳು: ಮೂಡಗಾಳಿ, ಗೇಟಿನ ಬೀಗ, ಪಡುವಣ ಮೂಲೆ, ವರದಿ. ಸುಳ್ಳು ಗುಂಡಿ ಒತ್ತಿದ್ದನ್ನೂ ಮುಚ್ಚಿಡಲಿಲ್ಲ.

“ಹೌದ್ರಿ, ನಾನ ಬೇಕಂತ ತಪ್ಪು ಕಲಿಸೀನಿ. ಇವರ ಮಾನ ಇಲ್ಲೇ ಹರಾಜ ಆಗ್ಲಿ ಅಂತ. ಆದ್ರ ಮಲಗಿದ್ದೆ ಅನ್ನೋದು ಸುಳ್ಳು. ನಾ ಯಾವತ್ತೂ ಮಲಗಿಲ್ಲ.”

ಬೇರೆ ಸಾಕ್ಷಿ ಬೇಕಿರಲಿಲ್ಲ, ಪರದೆಯ ಮೇಲೆ ಕೆಂಪು ಗೆರೆ ಇತ್ತು. ಸುಳ್ಳು ಹೇಳಲೆಂದೇ ಕುಳಿತ ನಲವತ್ತು ದಿನದಲ್ಲೂ ಒಂದೇ ಒಂದು ಚಳಿಯ ಕೂಗಿಗೆ ಆ ಎದೆ ಬಡಿಯದೆ ಬಿಟ್ಟಿರಲಿಲ್ಲ. ಇಂಥ ಹೆಂಗಸು ಮರಿಗಳನ್ನು ಬಿಟ್ಟು ಮಲಗಿದಳು ಎಂದು ಆಮೇಲೆ ಯಾರೂ ನಂಬಲಿಲ್ಲ. ಬಸ್ಸಿನಲ್ಲಿ ಬಂದ ಹೆಂಗಸರು ತಲೆ ತಗ್ಗಿಸಿ ಕೂತರು. ಅದನ್ನು ಫಕ್ಕೀರವ್ವ ಒಬ್ಬೊಬ್ಬರಾಗಿ, ನಿಧಾನವಾಗಿ, ಸಾಲಿನ ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

ಸಚಿವರು ವ್ಯವಹಾರಸ್ಥರು. ಯಂತ್ರ ಚೆನ್ನಾಗಿದೆ, ಕೂಡಲೇ ಹಂಚಿ, ಎಂದರು. ಡಾಕ್ಟರು ಶೆಡ್ಡಿಗೆ ಹೋಗದಿದ್ದರಾಯಿತು. ಮೂರು ತಿಂಗಳಲ್ಲಿ ಆರು ಸಾವಿರ ದೊಡ್ಡಕೋಳಿಗಳು ನಾಡಿನ ತುಂಬ ಹರಡಿದವು. ಒಂದರ ಅರಿವೇ ಎಲ್ಲಕ್ಕೂ. ಚಳಿಯ ಕೂಗನ್ನು ಕಲಿತ ಪಾಠದೊಳಗೇ ಸುಧನ್ವನ ಮುಖವೂ ಸೇರಿಹೋಗಿತ್ತು, ಒಂದನ್ನು ಅಳಿಸಿದರೆ ಇನ್ನೊಂದೂ ಅಳಿಸುತ್ತಿತ್ತು. ಮರಿ ಸಾಕುವ ಹೆಂಗಸರು ಎಷ್ಟೋ ಕಾಲದ ಮೇಲೆ ಕಣ್ತುಂಬ ನಿದ್ದೆ ಮಾಡಿದರು. ಅವರಿಗೆ ಆ ನಿದ್ದೆ ಕೊಟ್ಟವನು ಮಾತ್ರ ಯಾವ ಊರಿನ ಯಾವ ಶೆಡ್ಡಿನ ಬಾಗಿಲಿಗೆ ಹೋದರೂ ಒಳಗೆ ಗಿಡುಗ ಬಂದ ಕೂಗೇಳುತ್ತಿತ್ತು. ವ್ಯಂಗ್ಯಚಿತ್ರಕಾರರು ಅವನಿಗೆ ರೆಕ್ಕೆ, ಕೊಕ್ಕು ಬರೆದರು.

ಏಳು ಊರಿನವರು ಫಕ್ಕೀರವ್ವನನ್ನು ಮತ್ತೆ ಮರಿ ಇಳಿಸಲು ಕರೆದರು. ಎರಡು ಸಲ ಕರೆಸಿಕೊಂಡು, ಮೂರನೆಯ ಸಲಕ್ಕೆ ಹೋದಳು. ಇಷ್ಟು ಸಿಹಿಯಾದ ವರ್ಷ ಅವಳ ಬಾಳಿನಲ್ಲೇ ಬಂದಿರಲಿಲ್ಲ.

ಸುಧನ್ವ ಅವಳ ಮನೆಗೆ ಬಂದದ್ದು ಆಗ. ಇಳಿದುಹೋಗಿದ್ದ. ಯಂತ್ರದಲ್ಲಿ ಇನ್ನೂ ಸುಧಾರಿಸಬೇಕಾದದ್ದು ಬಹಳ ಇದೆ, ಆದರೆ ಅದರ ಹತ್ತಿರ ಸುಳಿಯಲಾರೆ ಎಂದ. “ಒಂದೇ ದಾರಿ ಇರೋದು. ನೀವು ಮತ್ತೆ ಪಟ್ಟಿ ಕಟ್ಟಿಕೊಳ್ಳಬೇಕು. ನಾನು ಒಳಗೆ ಬಂದಾಗ ನಿಮ್ಮ ಎದೆ ಸುಮ್ಮನಿದ್ದರೆ ಯಂತ್ರವೂ ಸುಮ್ಮನಿರೋದು ಕಲಿಯುತ್ತೆ.”

“ಅದು ಬಿ.ಪಿ. ಪಟ್ಟಿ ಅಲ್ಲೇನ್ರಿ?” ಎಂದಳು ಫಕ್ಕೀರವ್ವ. “ಆತು, ಬರ್ತೀನಿ.”

ಹೋದದ್ದು ಮಜಾ ನೋಡಲು. ಕೇಂದ್ರದ ಮೂರನೆಯ ಶೆಡ್ಡಿನಲ್ಲಿ ಇನ್ನೂರು ಮರಿ, ಒಂದು ದೊಡ್ಡಕೋಳಿ. ಅವನು ಮೊದಲ ದಿನ ಅಚ್ಚು ಹಾಕಿಸಿದ ವಿಷಾದಪತ್ರ ಓದಿದ. ಯಂತ್ರ ಕಿರುಚಿತು. ವಾರದ ಮೇಲೆ ವರದಿಯ ತಿದ್ದುಪಡಿ ಪ್ರಕಟವಾದ ಪತ್ರಿಕೆ ತಂದ. ಫಕ್ಕೀರವ್ವ ಅದನ್ನು ರೇಷ್ಮಾಳಿಂದ ಎರಡು ಸಲ ಓದಿಸಿ ಕೇಳಿದಳು, ಮಡಚಿ ಎಲೆಅಡಿಕೆಯ ಚೀಲದಲ್ಲಿಟ್ಟುಕೊಂಡಳು. ಯಂತ್ರ ಕಿರುಚಿತು.

“ನಾ ಏನ್ ಮಾಡ್ಲಿ ಸಾಹೇಬ್ರ,” ಎಂದಳು ಹಿಗ್ಗಿನಿಂದ. “ಎದಿ ನನ್ನ ಮಾತು ಕೇಳಂಗಿಲ್ಲ.”

ಮುಂದಿನ ಸಲ ಅವನು ಕೈಯಲ್ಲಿ ಏನೂ ಹಿಡಿಯದೆ ಬಂದ. ಬಾಗಿಲಾಚೆಯೇ ನೆಲದ ಮೇಲೆ ಕುಳಿತ. ಅಲ್ಲಿಂದಲೇ ಹೇಳಿದ.

“ಆ ರಾತ್ರಿ ಗಂಟೆ ಹೊಡೀತು ಫಕ್ಕೀರವ್ವ. ಹೊಡೆಯಲಿಲ್ಲ ಅಂತ ನಾನು ಎಲ್ಲೂ ಬರೆದಿಲ್ಲ, ಯಾರೂ ಕೇಳಲೂ ಇಲ್ಲ. ನಾಲ್ಕು ಸಲ ಹೊಡೀತು. ನನಗೆ ಎಚ್ಚರವಾಗಿತ್ತು. ಚಳಿ ಇತ್ತು, ಕಂಬಳಿ ಬೆಚ್ಚಗಿತ್ತು. ಗಂಟೆಯನ್ನು ನಿಲ್ಲಿಸಿ ಮಲಗಿದೆ.”

ಫಕ್ಕೀರವ್ವ ಅವನನ್ನೇ ನೋಡಿದಳು. ಅವಳ ಕಣ್ಣಿಗೆ ಕಂಡದ್ದು ಗಿಡುಗ ಅಲ್ಲ, ನಿದ್ದೆ ತಡೆಯಲಾರದ ಒಬ್ಬ ಸಾಮಾನ್ಯ ಮನುಷ್ಯ. ನಿದ್ದೆ ಎಷ್ಟು ಜಗ್ಗುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಸಿಟ್ಟು ಇಳಿದಂತೆ ಅನ್ನಿಸಿತು. ಮನಸ್ಸು ಹಗುರಾಯಿತು, ಅದು ನಟನೆಯಲ್ಲ.

“ಬಿಟ್ಟೆ ಹೋಗ್ರಿ,” ಎಂದಳು. “ಖರೇನ ಬಿಟ್ಟೆ. ಬರ್ರಿ ಒಳಗ.”

ಅವನು ಎದ್ದು ಹೊಸಲು ದಾಟಿದ.

‘ಕ್ರ್‌ರ್‌ರ್‌ರ್!’

ಇಬ್ಬರೂ ಬೆಚ್ಚಿದರು. ಹೆಚ್ಚು ಬೆಚ್ಚಿದವಳು ಫಕ್ಕೀರವ್ವ. ಮಣಿಕಟ್ಟನ್ನು ಎತ್ತಿ, ತನ್ನದಲ್ಲದ ವಸ್ತುವನ್ನು ನೋಡುವಂತೆ ನೋಡಿದಳು. ಒಂದು ವರ್ಷ ಜೋಪಾನ ಮಾಡಿ ಬೆಳೆಸಿದ ಸೇಡು ಈಗ ಅವಳ ಮಾತಿಗೂ ಬಗ್ಗುತ್ತಿರಲಿಲ್ಲ.

ಅಂದಿನಿಂದ ಅವನು ದಿನಾ ಬಂದ. ಬಂದಾಗಲೆಲ್ಲ ಯಂತ್ರ ಕಿರುಚುತ್ತಿತ್ತು, ಮರಿಗಳು ಸೆರಗಿನಡಿ ಓಡುತ್ತಿದ್ದವು. ಅವನು ಬಾಗಿಲ ಬಳಿ ಅರ್ಧ ಗಂಟೆ ಅಲುಗದೆ ಕೂರುತ್ತಿದ್ದ, ಹೋಗುತ್ತಿದ್ದ. ಹತ್ತನೆಯ ದಿನ ಮರಿಗಳು ಓಡಿದ್ದು ನಿಧಾನವಾಗಿ. ಹದಿಮೂರನೆಯ ದಿನ ಅರ್ಧಕ್ಕರ್ಧ ಓಡಲೇ ಇಲ್ಲ. ಹದಿನಾರನೆಯ ದಿನ ದೊಡ್ಡಕೋಳಿ ಗಂಟಲು ಹರಿಯುವಂತೆ ಕಿರುಚುತ್ತಿದ್ದರೆ, ಮರಿಗಳು ಅದರತ್ತ ತಿರುಗಿಯೂ ನೋಡದೆ ಹೊಟ್ಟು ಕೆದಕುತ್ತಿದ್ದವು. ಇಷ್ಟು ದಿನ ಯಂತ್ರ ಗಿಡುಗ ಗಿಡುಗ ಎಂದಿತು, ಒಂದು ದಿನವೂ ಆ ಗಿಡುಗ ಯಾರನ್ನೂ ಹೊತ್ತೊಯ್ಯಲಿಲ್ಲ. ಕೂಗನ್ನು ನಂಬುವುದನ್ನು ಅವು ತಮ್ಮಷ್ಟಕ್ಕೆ ತಾವೇ ಬಿಟ್ಟಿದ್ದವು. ಯಂತ್ರ ಕಟ್ಟಿದವನಿಗಾಗಲಿ ಕಲಿಸಿದವಳಿಗಾಗಲಿ ಇದು ಹೊಳೆದಿರಲಿಲ್ಲ.

ಕಂದು ಬಣ್ಣದ ಒಂದು ಮರಿ ತೊನೆಯುತ್ತ ಬಂದು ಸುಧನ್ವನ ಬೂಟಿನ ದಾರವನ್ನು ಹುಳುವೆಂದು ಕುಕ್ಕಿತು. ಆಮೇಲೆ ಪಾದದ ಮೇಲೆ ಹತ್ತಿ, ಅವನ ಕಾಲಿನ ಕಾವಿಗೆ ಮೈ ಒತ್ತಿ ಕೂತು, ಕಣ್ಣು ಮುಚ್ಚಿತು. ಅವನ ಕೆನ್ನೆ ಒದ್ದೆಯಾಗಿತ್ತು.

“ನೋಡಿ ಫಕ್ಕೀರವ್ವ,” ಎಂದ ಪಿಸುದನಿಯಲ್ಲಿ. “ಇವು ಬಿಟ್ಟುಬಿಟ್ಟವು.”

ಯಂತ್ರ ಕಿರುಚುತ್ತಲೇ ಇತ್ತು. ಫಕ್ಕೀರವ್ವ ಎದ್ದು ಬಂದಳು, ಬಗ್ಗಿ ಮರಿಯನ್ನು ಅವನ ಪಾದದಿಂದ ಮೆಲ್ಲಗೆ ಬಿಡಿಸಿ ತನ್ನ ಅಂಗೈಯಲ್ಲಿ ಮುಚ್ಚಿಕೊಂಡಳು.

“ಇವು ಆವತ್ತಿನ ಮರಿ ಅಲ್ರಿ ಸಾಹೇಬ್ರ,” ಎಂದಳು.

ಮರಿಯನ್ನು ದೊಡ್ಡಕೋಳಿಯ ಸೆರಗಿನೊಳಗೆ ಬಿಟ್ಟು, ಮಣೆಯ ಮೇಲೆ ಹೋಗಿ ಕುಳಿತಳು. ಅವನು ಬಾಗಿಲು ದಾಟುವಾಗ ಹಿಂದಿನಿಂದ ಅವಳ ಮಾತು ಕೇಳಿಸಿತು.

“ನಾಳೆ ಬರ್ರಿ ಮತ್ತ.”